ಗುಡುಗುಮಳೆಯ ಸಾಲನ್ನು ಕಾಯುವವರೂ ಗ್ರಾಮದ ಮುಖಂಡರ ಹೊಣೆಯೂ

ಆಕಾಶವನ್ನು ನೋಡಿ ಆ ದಿನದ ಕೆಲಸವನ್ನು ಗೊತ್ತುಮಾಡಿಕೊಳ್ಳುವುದು ಒಕ್ಕಲುತನದಷ್ಟೇ ಹಳೆಯದಾದ ವಾಡಿಕೆ. ಮೋಡದ ಬಣ್ಣ, ಗಾಳಿಯ ದಿಕ್ಕು, ಇರುವೆಗಳ ಓಡಾಟ, ದನಗಳ ನಡತೆ ಇವುಗಳಿಂದ ಮಳೆಯ ಬರವನ್ನು ಊಹಿಸತಕ್ಕ ಹಿರಿಯರು ಗ್ರಾಮಗಳಲ್ಲಿ ಈಗಲೂ ಇದ್ದಾರೆ. ಈಚೆಗೆ ಇವರ ಜೊತೆಗೆ ಇನ್ನೊಂದು ಬಗೆಯ ವೀಕ್ಷಕರು ಹುಟ್ಟಿಕೊಂಡಿರುವರು. ಇವರು ಮೊಬೈಲು ಫೋನಿನಲ್ಲಿ ರೇಡಾರ್ ಚಿತ್ರವನ್ನು ತೆರೆದು, ಗುಡುಗುಮೋಡಗಳ ಸಾಲು ಎಲ್ಲಿ ಹುಟ್ಟಿತು, ಯಾವ ದಿಕ್ಕಿಗೆ ಹೊರಟಿತು, ಯಾವ ಊರನ್ನು ಎಷ್ಟು ಹೊತ್ತಿಗೆ ಮುಟ್ಟೀತು ಎಂಬುದನ್ನು ನಿಮಿಷನಿಮಿಷಕ್ಕೂ ಗುರುತಿಸಿ ಒಬ್ಬರಿಗೊಬ್ಬರು ತಿಳಿಸುತ್ತಿರುವರು. ಸಂಬಳವಿಲ್ಲದ ಈ ದುಡಿಮೆಯನ್ನು ಕಂಡು, ಕೆಲಸವಿಲ್ಲದವರ ಕಾಲಹರಣವೆಂದು ನಗುವವರೂ ಉಂಟು. ಹಾಗೆ ನಗುವುದು ಉಚಿತವಲ್ಲ. ಈ ವೀಕ್ಷಣೆಯು ಪ್ರಾಣರಕ್ಷಣೆಗೆ ದೊಡ್ಡ ಸಾಧನ. ಆದರೆ ಅದು ಫಲಕಾರಿಯಾಗಬೇಕಾದರೆ ವೀಕ್ಷಕರ ಉತ್ಸಾಹವೊಂದೇ ಸಾಲದು. ಗ್ರಾಮದ ಮುಖಂಡರೂ ಜಮೀನಿನ ಒಡೆಯರೂ ಮಾಡತಕ್ಕ ಕೆಲಸವೊಂದು ಉಳಿದಿದೆ.

ಮೊದಲು ಈ ಸಾಲಿನ ಸ್ವರೂಪವನ್ನು ತಿಳಿಯುವುದು ಅವಶ್ಯ. ಬಿಡಿಯಾದ ಗುಡುಗುಮೋಡವು ಸಾಧಾರಣವಾಗಿ ಒಂದು ಗಂಟೆಯ ಹೊತ್ತಿನಲ್ಲಿ ಮಳೆ ಸುರಿಸಿ ಕರಗಿಹೋಗುವುದು. ಸಾಲುಗಟ್ಟಿದ ಮೋಡಗಳ ರೀತಿಯೇ ಬೇರೆ. ಬೀಳುವ ಹನಿಗಳು ದಾರಿಯಲ್ಲಿ ಆವಿಯಾಗುವಾಗ ಸುತ್ತಲಿನ ಗಾಳಿಯು ತಣ್ಣಗಾಗಿ, ಭಾರವಾಗಿ, ನೆಲಕ್ಕಿಳಿದು ಮುಂದಕ್ಕೆ ನುಗ್ಗುವುದು. ಈ ತಂಗಾಳಿಯು ಎದುರಿನಲ್ಲಿರುವ ಬಿಸಿಯಾದ ತೇವದ ಗಾಳಿಯನ್ನು, ನೇಗಿಲ ಗುಳವು ಮಣ್ಣನ್ನು ಎತ್ತುವಂತೆ, ಮೇಲಕ್ಕೆ ಎತ್ತುವುದು. ಅಲ್ಲಿ ಹೊಸ ಮೋಡ ಕಟ್ಟುವುದು. ಹಳೆಯದು ಅಳಿಯುವಷ್ಟರಲ್ಲಿ ಹೊಸದು ಅದರ ಮುಂದೆ ನಿಂತಿರುವ ಕಾರಣ, ಇಂಥ ಸಾಲು ನೂರಾರು ಕಿಲೋಮೀಟರು ಸಾಗಬಲ್ಲದು. ಹಿಂದಿನಿಂದ ನುಗ್ಗುವ ಗಾಳಿಯ ಒತ್ತಡದಿಂದ ಸಾಲಿನ ನಡುಭಾಗವು ಮುಂದಕ್ಕೆ ಉಬ್ಬಿದರೆ ರೇಡಾರಿನಲ್ಲಿ ಅದು ಬಿಲ್ಲಿನ ಆಕಾರದಲ್ಲಿ ಕಾಣುವುದು. ಆ ಉಬ್ಬು ಯಾವ ಊರಿನ ಕಡೆಗೆ ತಿರುಗಿದೆಯೋ ಆ ಊರಿಗೆ ಬಿರುಸಾದ ಗಾಳಿ ಕಾದಿದೆಯೆಂದು ಎಣಿಸಬೇಕು. ಈ ಲಕ್ಷಣವನ್ನು 1970ರ ದಶಕದಲ್ಲಿ ವಿವರಿಸಿದವರು, ಜಪಾನಿನಲ್ಲಿ ಹುಟ್ಟಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡುತ್ತಿದ್ದ ಟೆಟ್ಸುಯಾ ಫುಜಿಟಾ ಎಂಬ ವಿದ್ವಾಂಸರು.

ಇಂಥ ಸಾಲುಗಳ ಹಾವಳಿಯನ್ನು ಚೆನ್ನಾಗಿ ಬಲ್ಲ ಬೇಸಾಯದ ಸೀಮೆಯೆಂದರೆ ಅಮೆರಿಕದ ಅಯೋವ ರಾಜ್ಯ. ಮುಸುಕಿನ ಜೋಳವೂ ಸೋಯಾ ಅವರೆಯೂ ಅಲ್ಲಿನ ಮುಖ್ಯ ಬೆಳೆಗಳು. 1875ರಲ್ಲಿ ಅಲ್ಲಿ ಗುಸ್ಟಾವಸ್ ಹಿನ್ರಿಕ್ಸ್ ಎಂಬ ಪ್ರಾಧ್ಯಾಪಕರು ಸ್ವಯಂಸೇವಕರ ನೆರವಿನಿಂದಲೇ ಹವಾ ವೀಕ್ಷಣೆಯ ಸಂಸ್ಥೆಯೊಂದನ್ನು ಕಟ್ಟಿದರು. 1877ರ ಜುಲೈ 31ರಂದು ಆ ರಾಜ್ಯವನ್ನು ಹಾದುಹೋದ ಬಿರುಗಾಳಿಯನ್ನು ಅವರು ವಿಚಾರಿಸಿ ನೋಡಿ, ಅದು ಸುಂಟರಗಾಳಿಯಂತೆ ಸುತ್ತದೆ ನೇರವಾಗಿ ಬೀಸಿತೆಂದು ತೋರಿಸಿ, 1888ರಲ್ಲಿ ಇಂಥ ಗಾಳಿಗೆ ‘ಡೆರೆಚೊ’ ಎಂಬ ಹೆಸರನ್ನಿತ್ತರು. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ ನೇರವಾದದ್ದು ಎಂಬ ಅರ್ಥವಿದೆ. ಅಂದರೆ ಸಂಬಳವಿಲ್ಲದೆ ಆಕಾಶವನ್ನು ಕಾಯುವ ಪದ್ಧತಿಯು ಆ ಸೀಮೆಗೆ ಹೊಸದಲ್ಲ. ಸಾಧನಗಳು ಮಾತ್ರ ಹೊಸವು.

ಅದೇ ಸೀಮೆಯಲ್ಲಿ 2020ನೆಯ ಇಸವಿ ಆಗಸ್ಟ್ 10ರಂದು ನಡೆದುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಯುಕ್ತ. ಆ ದಿನ ಬೆಳಗಿನ ಮುನ್ಸೂಚನೆಯಲ್ಲಿ ಅಪಾಯವನ್ನು ಕೆಳಗಿನ ದರ್ಜೆಯಲ್ಲಿಯೇ ಇಟ್ಟಿದ್ದರು. ದಕ್ಷಿಣ ಡಕೋಟದ ಆಗ್ನೇಯ ಭಾಗದಲ್ಲಿ ಹುಟ್ಟಿದ ಮೋಡಗಳು ಸಾಲುಗಟ್ಟಿ ಬಿಲ್ಲಿನಂತೆ ಬಾಗಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಆ ದರ್ಜೆಯನ್ನು ಏರಿಸಲಾಯಿತು. ಬೆಳಿಗ್ಗೆ ಸುಮಾರು 11 ಗಂಟೆಗೆ ಸಾಲು ರಾಜಧಾನಿಯಾದ ಡೆ ಮೊಯಿನ್ ಪಟ್ಟಣವನ್ನು ಮುಟ್ಟಿತು. ಸುಮಾರು ಹನ್ನೆರಡೂವರೆಗೆ ಸೀಡರ್ ರ‍್ಯಾಪಿಡ್ಸ್ ಪಟ್ಟಣದ ಮೇಲೆ ಬಿತ್ತು. ಅದೇ ದಿನ ಶಿಕಾಗೋ ನಗರವನ್ನು ದಾಟಿ ಓಹಾಯೊ ರಾಜ್ಯದವರೆಗೂ ಹೋಯಿತು. 14 ಗಂಟೆಗಳಲ್ಲಿ ಅದು ನಡೆದ ದಾರಿ ಸುಮಾರು 1,240 ಕಿಲೋಮೀಟರು. ಸೀಡರ್ ರ‍್ಯಾಪಿಡ್ಸಿನಲ್ಲಿ ಗಾಳಿಯ ವೇಗವು ಗಂಟೆಗೆ 225 ಕಿಲೋಮೀಟರಿನವರೆಗೆ ಇದ್ದಿರಬೇಕೆಂದು ಹಾನಿಯನ್ನು ನೋಡಿ ಅಂದಾಜು ಮಾಡಿದರು. ಆ ಪಟ್ಟಣದ ಮರಗಳ ನೆರಳಿನಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಮಧ್ಯಾಹ್ನದಲ್ಲಿ ಹೋಯಿತು.

ಹೊಲಗಳ ಸ್ಥಿತಿಯು ಇನ್ನೂ ಶೋಚನೀಯ. ಆಳೆತ್ತರಕ್ಕೂ ಮೀರಿ ಬೆಳೆದಿದ್ದ ಜೋಳವು ಚಾಪೆ ಹಾಸಿದಂತೆ ನೆಲಕ್ಕೆ ಒರಗಿತು. ಧಾನ್ಯ ತುಂಬುವ ಲೋಹದ ಕಣಜಗಳು ಹಿಸುಕಿದ ಡಬ್ಬಿಗಳಂತೆ ಮುದುಡಿ ಬಿದ್ದವು. ಅಯೋವದಲ್ಲಿ ಸುಮಾರು 8,50,000 ಎಕರೆಗಳ ಜೋಳವು ಕೊಯ್ಲಿಗೆ ಬಾರದೆ ಹೋಯಿತೆಂದು ಅಲ್ಲಿನ ಕೃಷಿ ಇಲಾಖೆಯು ಲೆಕ್ಕ ಹಾಕಿತು. ಒಟ್ಟು ನಷ್ಟವು ಸುಮಾರು 1,100 ಕೋಟಿ ಡಾಲರು. ಇಷ್ಟು ದೊಡ್ಡ ಅನಾಹುತದಲ್ಲಿ ಮೃತರಾದವರು ನಾಲ್ವರು. ಒಂದು ಪ್ರಾಣವಾದರೂ ಅಲ್ಪವಲ್ಲ. ಆದರೆ ಜನಭರಿತವಾದ ಊರುಗಳ ಮೇಲೆ ಹಾದ ಗಾಳಿಯ ಬಲದೊಡನೆ ಹೋಲಿಸಿದರೆ ಈ ಸಂಖ್ಯೆಯು ಆಶ್ಚರ್ಯಕರವಾದದ್ದು. ನಿಂತ ಬೆಳೆಯನ್ನು ಯಾವ ಎಚ್ಚರಿಕೆಯೂ ಉಳಿಸಲಾರದು. ಮನುಷ್ಯರನ್ನೂ ದನಕರುಗಳನ್ನೂ ಕಣದಲ್ಲಿರುವ ಕಾಳನ್ನೂ ಉಳಿಸುವುದಕ್ಕೆ ಒಂದು ಗಂಟೆಯ ಎಚ್ಚರಿಕೆಯು ಸಾಕು. ಡೆ ಮೊಯಿನಿನಿಂದ ಸೀಡರ್ ರ‍್ಯಾಪಿಡ್ಸಿಗೆ ಆ ಸಾಲು ಬರಲು ಹಿಡಿದ ಒಂದೂವರೆ ಗಂಟೆಯು ಕಾಯುವವರು ಗಳಿಸಿಕೊಡಬಲ್ಲ ಸಂಪತ್ತು.

ರೇಡಾರ್ ಯಂತ್ರವು ಇರಲಾಗಿ ಮನುಷ್ಯನ ಕಣ್ಣು ಏತಕ್ಕೆ ಬೇಕೆಂದು ಕೇಳಬಹುದು. ಭೂಮಿಯು ದುಂಡಗಿರುವುದರಿಂದಲೂ ರೇಡಾರಿನ ಕಿರಣವನ್ನು ಸ್ವಲ್ಪ ಮೇಲಕ್ಕೆ ಎತ್ತಿ ಬಿಡುವುದರಿಂದಲೂ ಅದು ದೂರ ಹೋದಂತೆಲ್ಲ ನೆಲದಿಂದ ಎತ್ತರಕ್ಕೆ ಏರುವುದು. 100 ಕಿಲೋಮೀಟರು ದೂರದಲ್ಲಿ ಅದು ನೆಲದ ಮೇಲೆ ಸುಮಾರು ಒಂದೂವರೆ ಕಿಲೋಮೀಟರಿನಲ್ಲಿಯೂ, 200 ಕಿಲೋಮೀಟರು ದೂರದಲ್ಲಿ ಸುಮಾರು ನಾಲ್ಕು ಕಿಲೋಮೀಟರಿನಲ್ಲಿಯೂ ಇರುವುದು. ಅಲ್ಲಿ ಕಂಡದ್ದರಿಂದ ನೆಲದ ಮೇಲೆ ಆಲಿಕಲ್ಲು ಬೀಳುತ್ತಿದೆಯೋ, ಮರದ ಕೊಂಬೆಗಳು ಮುರಿಯುತ್ತಿವೆಯೋ ಎಂಬುದನ್ನು ನಿಶ್ಚಯವಾಗಿ ಹೇಳಲಾಗುವುದಿಲ್ಲ. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಅಮೆರಿಕದ ಹವಾಮಾನ ಇಲಾಖೆಯು ‘ಸ್ಕೈವಾರ್ನ್’ ಎಂಬ ಏರ್ಪಾಡಿನಲ್ಲಿ ಮೂರೂವರೆ ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಸ್ವಯಂಸೇವಕರಿಗೆ ಶಿಕ್ಷಣ ಕೊಟ್ಟಿದೆ. ಈ ಶಿಕ್ಷಣಕ್ಕೆ ಶುಲ್ಕವಿಲ್ಲ. ಹಿಡಿಯುವ ಕಾಲವು ಸುಮಾರು ಎರಡು ಗಂಟೆ. ಗಂಟೆ ಎಷ್ಟು, ಊರು ಯಾವುದು, ಗಾಳಿ ಯಾವ ದಿಕ್ಕಿನಿಂದ ಬಂತು, ಕಲ್ಲಿನ ಗಾತ್ರವೆಷ್ಟು, ಮುರಿದದ್ದು ರೆಂಬೆಯೋ ಬೊಡ್ಡೆಯೋ, ಇಷ್ಟನ್ನೇ ಅವರು ತಿಳಿಸುವರು. ಕಂಡದ್ದನ್ನು ಕಂಡಷ್ಟೇ ಹೇಳುವುದು ಅವರ ಮೊದಲನೆಯ ಪಾಠ.

ಉತ್ಸಾಹವು ಮಿತಿಮೀರಿದರೆ ಆಗತಕ್ಕ ಕೇಡನ್ನೂ ಮರೆಯಬಾರದು. ಬಿರುಮಳೆಯನ್ನು ದೂರದಿಂದ ಕಾಯುವುದು ಬೇರೆ, ಅದರ ಬೆನ್ನಟ್ಟುವುದು ಬೇರೆ. 2013ರ ಮೇ 31ರಂದು ಓಕ್ಲಹೋಮ ರಾಜ್ಯದ ಎಲ್ ರೀನೊ ಎಂಬಲ್ಲಿ, ಸುಂಟರಗಾಳಿಗಳನ್ನು ಅನೇಕ ವರ್ಷ ಅಭ್ಯಾಸ ಮಾಡಿ ಹೆಸರಾಗಿದ್ದ ಟಿಮ್ ಸಮಾರಸ್ ಎಂಬುವರು, ಮಗ ಪಾಲ್ ಮತ್ತು ಸಹೋದ್ಯೋಗಿ ಕಾರ್ಲ್ ಯಂಗ್ ಎಂಬುವರ ಸಮೇತ ಅದೇ ಗಾಳಿಗೆ ಸಿಕ್ಕಿ ಮೃತರಾದರು. ಪಳಗಿದವರ ಗತಿಯೇ ಹೀಗಾದರೆ, ಚಿತ್ರ ತೆಗೆಯುವ ಆಸೆಯಿಂದ ಬಯಲಿಗೆ ಓಡುವ ಹುಡುಗರ ಗತಿಯನ್ನು ಹೇಳಬೇಕಾದದ್ದಿಲ್ಲ. ವೀಕ್ಷಕನ ಸ್ಥಾನವು ಮನೆಯ ಕಿಟಕಿಯ ಒಳಗೆ, ಮಾಳಿಗೆಯ ಮೇಲಲ್ಲ.

ಇನ್ನು ಮುಖ್ಯವಾದ ವಿಷಯ. 2020ರಲ್ಲಿ ಅಯೋವದ ಸಾಲನ್ನು ರೇಡಾರ್ ಕಂಡಿತ್ತು, ಇಲಾಖೆಯು ಎಚ್ಚರಿಕೆಗಳನ್ನು ಹೊರಡಿಸಿತ್ತು, ವೀಕ್ಷಕರು ವರದಿ ಮಾಡುತ್ತಿದ್ದರು. ಆದರೂ ಗುಡುಗುಮಳೆಯ ಎಚ್ಚರಿಕೆಯು ಆ ಪ್ರದೇಶದ ಎಲ್ಲ ಮೊಬೈಲುಗಳಲ್ಲಿಯೂ ತಾನಾಗಿಯೇ ಮೊಳಗುವ ಏರ್ಪಾಡು ಆಗ ಇರಲಿಲ್ಲ. ಸುಂಟರಗಾಳಿಯಂಥ ಕೆಲವಕ್ಕೆ ಮಾತ್ರ ಇತ್ತು. 2021ರ ಆಗಸ್ಟ್ 2ರಿಂದ, ಗಾಳಿಯು ಗಂಟೆಗೆ ಸುಮಾರು 130 ಕಿಲೋಮೀಟರು ಮುಟ್ಟುವ ಸಂಭವವಿದ್ದಾಗ ಗುಡುಗುಮಳೆಯ ಎಚ್ಚರಿಕೆಯೂ ಮೊಳಗುವಂತೆ ಮಾಡಿದರು. ಇದರಿಂದ ಕಲಿಯತಕ್ಕದ್ದೇನೆಂದರೆ, ಕಾಯುವವನ ಅರಿವು ಕೆಲಸದಲ್ಲಿರುವವನ ಕಿವಿಗೆ ಮುಟ್ಟುವ ಕೊನೆಯ ಕೊಂಡಿಯೇ ಎಲ್ಲಕ್ಕಿಂತ ಮುಖ್ಯವಾದದ್ದು.

ಈ ನಾಡಿನಲ್ಲಿಯೂ ಮೊದಲಿನ ಕೊಂಡಿಗಳು ಸಿದ್ಧವಾಗಿವೆ. ಭಾರತದ ಹವಾಮಾನ ಇಲಾಖೆಯು ಮುಂದಿನ ಮೂರು ಗಂಟೆಗಳ ಗುಡುಗುಮಳೆಯ ಸೂಚನೆಯನ್ನು ಪ್ರಕಟಿಸುತ್ತಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಎಂಬ ಮೊಬೈಲು ಸಾಧನವು ಸುತ್ತಲೂ 20 ಮತ್ತು 40 ಕಿಲೋಮೀಟರಿನೊಳಗೆ ಬಿದ್ದ ಸಿಡಿಲನ್ನು ತೋರಿಸುವುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳ ಮಟ್ಟದವರೆಗೂ ಮಳೆಮಾಪಕಗಳನ್ನಿಟ್ಟು, ‘ವರುಣಮಿತ್ರ’ ಎಂಬ ದೂರವಾಣಿ ಸೇವೆಯನ್ನೂ ನಡೆಸುತ್ತ ಬಂದಿರುವರು. ಇಷ್ಟಾದರೂ 2022ರಲ್ಲಿ ದೇಶದಲ್ಲಿ ಸಿಡಿಲಿನಿಂದ ಮೃತರಾದವರು 2,800ಕ್ಕಿಂತ ಹೆಚ್ಚು. ಹೊಲಗದ್ದೆಗಳಲ್ಲಿ ದುಡಿಯುವವರೂ ದನ ಕುರಿ ಕಾಯುವವರೂ ಈ ಅಪಾಯಕ್ಕೆ ಮೊದಲು ಗುರಿಯಾಗತಕ್ಕವರು.

ಅಶ್ವಿನಿ, ಭರಣಿ, ಕೃತ್ತಿಕೆಯ ಮಳೆಗಳನ್ನು ಒಕ್ಕಲಿಗನು ಆಸೆಯಿಂದ ಎದುರುನೋಡುವನು. ಆದರೆ ಸಿಡಿಲೂ ಆಲಿಕಲ್ಲೂ ಬರುವುದು ಹೆಚ್ಚಾಗಿ ಈ ಮಳೆಗಳೊಡನೆಯೇ, ಅದೂ ಮಧ್ಯಾಹ್ನದ ಮೇಲೆ, ಹೊಲದಲ್ಲಿ ಕೆಲಸವು ನಡೆಯುತ್ತಿರುವಾಗ. ಆಗ ಕೂಲಿಯಾಳಿಗೆ ಗುಡುಗು ಕೇಳಿಸದೆ ಇರುವುದಿಲ್ಲ. ಕೇಳಿಸಿದರೂ ಆತನು ಯಜಮಾನನ ಅಪ್ಪಣೆಯಿಲ್ಲದೆ, ಕೂಲಿ ಮುರಿದಾರೆಂಬ ಭಯದಿಂದ, ಬದುವನ್ನು ಬಿಟ್ಟು ಹೊರಡಲಾರನು. ಮಳೆ ಬಿದ್ದ ಮೇಲೆ ಹತ್ತಿರದ ಮರದ ಕೆಳಗೆ ನಿಲ್ಲುವನು. ಸಿಡಿಲಿಗೆ ಮರಕ್ಕಿಂತ ಮೆಚ್ಚಿನ ಸ್ಥಳವಿಲ್ಲ. ಆದಕಾರಣ ಮುಖ್ಯವಾದ ಎಚ್ಚರಿಕೆಯು ಯಂತ್ರದಿಂದಲೂ ವೀಕ್ಷಕನಿಂದಲೂ ಬಾರದೆ, ಜಮೀನಿನ ಒಡೆಯನ ಬಾಯಿಂದಲೇ ಬರತಕ್ಕದ್ದು: ಕೆಲಸ ನಿಲ್ಲಿಸಿ ಹೋಗಿ, ಕೂಲಿಯನ್ನು ಹಿಡಿಯುವುದಿಲ್ಲ ಎಂಬ ಮಾತು.

ಎಚ್ಚರಿಕೆ ಕೊಟ್ಟಾಗಲೆಲ್ಲ ಮಳೆ ಬರುವುದಿಲ್ಲ, ಕೆಲಸ ಕೆಡುವುದು ಎಂಬ ಆಕ್ಷೇಪಣೆಯು ನಿಜವಾದದ್ದೇ. ಸಾಲು ದಾರಿ ತಪ್ಪಿ ಹೋಗುವುದುಂಟು, ಊರು ಮುಟ್ಟುವ ಮೊದಲೇ ಕರಗುವುದೂ ಉಂಟು. ಆದರೆ ಲೆಕ್ಕವನ್ನು ನೋಡಬೇಕು. ಹತ್ತು ಆಳುಗಳ ಒಂದು ಗಂಟೆಯ ಕೆಲಸವು ಒಬ್ಬ ಆಳಿನ ಒಂದು ದಿನದ ಕೂಲಿಗಿಂತ ಸ್ವಲ್ಪವೇ ಹೆಚ್ಚು. ಅಂಥ ನಷ್ಟವು ಬೇಸಗೆಯಲ್ಲಿ ಹತ್ತು ಸಲ ಒದಗಿದರೂ, ದುಡಿಯುವ ಒಬ್ಬ ಮನುಷ್ಯನು ಹೋದ ಮೇಲೆ ಆತನ ಮನೆಯವರು ಅನುಭವಿಸತಕ್ಕ ನಷ್ಟದ ಎದುರಿಗೆ ಅದನ್ನು ಇಡಲಾಗದು.

ಗ್ರಾಮದ ಮುಖಂಡರು ಮಾಡಬೇಕಾದದ್ದು ಹೆಚ್ಚು ಖರ್ಚಿನದಲ್ಲ. ಮೊದಲನೆಯದಾಗಿ, ಈ ಕೆಲಸದಲ್ಲಿ ಅಭಿರುಚಿಯುಳ್ಳ ಇಬ್ಬರು ಮೂವರು ಯುವಕ ಯುವತಿಯರನ್ನು ಆರಿಸಿ, ಏಪ್ರಿಲ್ ಮೇ ತಿಂಗಳುಗಳಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಸರದಿಯ ಮೇಲೆ ಕಾಯುವಂತೆ ನೇಮಿಸಬೇಕು. ಎರಡನೆಯದಾಗಿ, ಅವರ ಸೂಚನೆ ಬಂದೊಡನೆ ದೇವಸ್ಥಾನದ ಅಥವಾ ಪಂಚಾಯಿತಿಯ ಧ್ವನಿವರ್ಧಕದಲ್ಲಿ ಸಾರಿಸಬೇಕು. ಮೇಲಿನ ಊರಿನವರು ಕೆಳಗಿನ ಊರಿನವರಿಗೆ ತಿಳಿಸಬೇಕು. ಮೂರನೆಯದಾಗಿ, ಮಿಂಚು ಕಂಡ ಮೇಲೆ 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗೆ ಇದೆಯೆಂದು ತಿಳಿದು, ಎಲ್ಲರೂ ಗಟ್ಟಿಯಾದ ಮನೆಯೊಳಗಾಗಲಿ ಮುಚ್ಚಿದ ಮೋಟಾರು ವಾಹನದೊಳಗಾಗಲಿ ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷವಾಗುವವರೆಗೆ ಹೊರಕ್ಕೆ ಬರಬಾರದು. ಗುಡಿಸಲು, ತೆರೆದ ಮಂಟಪ ಇವು ಮಳೆಗೆ ಆಸರೆಯೇ ಹೊರತು ಸಿಡಿಲಿಗಲ್ಲ. ದನಗಳನ್ನು ಮರಕ್ಕಾಗಲಿ ತಂತಿಬೇಲಿಯ ಮಗ್ಗುಲಿಗಾಗಲಿ ಕಟ್ಟಬಾರದು. ನಾಲ್ಕನೆಯದಾಗಿ, ವೀಕ್ಷಕರು ದಿನ, ಗಂಟೆ, ಕಲ್ಲಿನ ಗಾತ್ರ, ಆದ ಹಾನಿ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿರುವುದರಿಂದ, ಹೀಗೆ ಬರೆದಿಟ್ಟ ಲೆಕ್ಕವು ರೈತನಿಗೆ ನೆರವಾಗಬಲ್ಲದು.

ಇವೆಲ್ಲವನ್ನೂ ಬರುವ ಅಶ್ವಿನಿ ಮಳೆಗೆ ಮುಂಚಿತವಾಗಿಯೇ ಗ್ರಾಮಸಭೆಯಲ್ಲಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಸರದಿಯವರ ಹೆಸರುಗಳನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಿ, ಅದರ ಕೆಳಗೆ, ಗುಡುಗಿನ ಹೊತ್ತಿನಲ್ಲಿ ಕೆಲಸ ನಿಲ್ಲಿಸಿದವರಿಗೆ ಕೂಲಿಯನ್ನು ಹಿಡಿಯತಕ್ಕದ್ದಲ್ಲವೆಂಬ ಒಪ್ಪಂದವನ್ನೂ ಜಮೀನಿನ ಒಡೆಯರು ತಮ್ಮ ರುಜುವಿನೊಡನೆ ಬರೆಯಿಸಿದರೆ, ಅಂಥ ಗ್ರಾಮದಲ್ಲಿ ಕಾಯುವವರ ಶ್ರಮವು ವ್ಯರ್ಥವಾಗುವುದಿಲ್ಲ.