ಮಕ್ಕಳ ಕೈಗೆ ಕ್ಯಾಮರಾ ಕೊಟ್ಟರೆ ಸಾಲದು

ಮುಂಬಯಿಯ ನಮ್ಮ ಸಂಘಗಳಲ್ಲಿ ಭಾವಗೀತೆ, ರಂಗೋಲಿ, ಚಿತ್ರಕಲಾ ಸ್ಪರ್ಧೆಗಳ ಜತೆಗೆ ಈಗ ಛಾಯಾಚಿತ್ರ ಸ್ಪರ್ಧೆಯೂ ಸೇರಿಕೊಂಡಿರುವುದು ಸಂತೋಷದ ವಿಚಾರ. ಆದರೆ ವಿಷಯ ಮಾತ್ರ ಹೆಚ್ಚಾಗಿ ಒಂದೇ, ‘ಪ್ರಕೃತಿ ಸೌಂದರ್ಯ’. ಬರುವ ಚಿತ್ರಗಳೂ ಅವೇ. ಮರೀನ್ ಡ್ರೈವ್‌ನ ಸೂರ್ಯಾಸ್ತ, ಗೇಟ್‌ವೇಯ ಪಾರಿವಾಳ, ರಜೆಯಲ್ಲಿ ಊರಿಗೆ ಹೋದಾಗ ತೆಗೆದ ತೆಂಗಿನ ತೋಟ.

ನಮ್ಮ ಉಪನಗರದ ಸಂಘವೊಂದರ ಬೇಸಿಗೆ ಶಿಬಿರಕ್ಕೆ ಬಂದ ಫೋಟೊಗ್ರಫಿ ಮಾಸ್ಟರು ಬೇರೆಯೇ ದಾರಿ ಹಿಡಿದರು. ಮುಖ ತೋರಿಸದೆ ಅಪ್ಪನ ಚಿತ್ರ ತೆಗೆಯಿರಿ, ಮನೆಯಲ್ಲಿರುವ ಅತ್ಯಂತ ಹಳೆಯ ವಸ್ತುವಿನ ಚಿತ್ರ ತೆಗೆಯಿರಿ ಎಂದರು. ಮೊಬೈಲೇ ಸಾಕು, ಆದರೆ ಒಂದು ವಿಷಯಕ್ಕೆ ಹನ್ನೆರಡೇ ಚಿತ್ರ, ಅಳಿಸುವಂತಿಲ್ಲ. ಪ್ರತಿ ಚಿತ್ರದ ಕೆಳಗೆ ಎರಡು ಸಾಲು ಕನ್ನಡ ಬರೆಯಲೇಬೇಕು. ಕ್ಯಾಂಟೀನ್ ನಡೆಸುವವರೊಬ್ಬರ ಮಗ ಅಪ್ಪನ ಸುಟ್ಟ ಬೆರಳುಗಳ ಚಿತ್ರ ತಂದ. ಇಂಗ್ಲಿಷ್ ಮಾಧ್ಯಮದ ಹುಡುಗಿಯೊಬ್ಬಳು ಅಜ್ಜಿಯ ಟ್ರಂಕ್ ಪೆಟ್ಟಿಗೆಯ ಚಿತ್ರ ತೆಗೆದು, ಅದು ಊರಿನಿಂದ ಯಾವಾಗ ಬಂತೆಂದು ಅಜ್ಜಿಯನ್ನೇ ಕೇಳಿ ಬರೆದಿದ್ದಳು. ಕಾಗುಣಿತ ತಪ್ಪಿತ್ತು, ಇರಲಿ.

ಹೆತ್ತವರಿಗೆ ಮಾತ್ರ ಇದು ಹಿಡಿಸಲಿಲ್ಲ. ‘ಚಪ್ಪಲಿ, ಪೆಟ್ಟಿಗೆ ಫೋಟೊ ತೆಗೆಯಲು ಫೀ ಕೊಟ್ಟೆವೇ?’ ಎಂಬ ಪ್ರಶ್ನೆ ಬಂತು. ಮುಂದಿನ ವರ್ಷ ಬೇರೆ ಮಾಸ್ಟರನ್ನು ಕರೆಯುವ ಮಾತೂ ಸಮಿತಿಯಲ್ಲಿ ನಡೆದಿದೆಯಂತೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಈ ಪದ್ಧತಿ ಅವರೊಬ್ಬರ ತಲೆಹರಟೆಯೇನಲ್ಲ. ಅಮೆರಿಕದ ವೆಂಡಿ ಇವಾಲ್ಡ್ ಎಂಬ ಶಿಕ್ಷಕಿ 1975ರ ಹೊತ್ತಿಗೆ ಕೆಂಟಕಿ ರಾಜ್ಯದ ಕಲ್ಲಿದ್ದಲು ಗಣಿ ಪ್ರದೇಶದ ಶಾಲಾಮಕ್ಕಳಿಗೆ ಸಾದಾ ಕ್ಯಾಮರಾ ಕೊಟ್ಟು, ನಿಮ್ಮನ್ನು, ನಿಮ್ಮ ಮನೆಯವರನ್ನು, ನಿಮ್ಮ ಪ್ರಾಣಿಗಳನ್ನು, ಕೊನೆಗೆ ನಿಮ್ಮ ಕನಸನ್ನೇ ತೆಗೆಯಿರಿ ಎಂದರು. ಕನಸನ್ನು ತೆಗೆಯುವುದು ಹೇಗೆ? ಪ್ರಾಣಸ್ನೇಹಿತನನ್ನು ಕೊಂದಂತೆ ಕನಸು ಕಂಡ ಹುಡುಗನೊಬ್ಬ ಆ ಸ್ನೇಹಿತನನ್ನೇ ಮರದ ಕವಲಿನಲ್ಲಿ ಹೆಣದಂತೆ ಮಲಗಿಸಿ ತೆಗೆದ. ಆ ಮಕ್ಕಳ ಚಿತ್ರಗಳು 1985ರಲ್ಲಿ ಪುಸ್ತಕವಾದವು. ಮುಂದೆ ಆಕೆ ನಮ್ಮ ಗುಜರಾತಿನ ಹಳ್ಳಿಯೊಂದರ ಮಕ್ಕಳ ಜತೆಗೂ ಇದೇ ಕೆಲಸ ಮಾಡಿದರು.

ನಮಗೆ ಇದರ ಅಗತ್ಯ ಇನ್ನೂ ಹೆಚ್ಚು. ಸಂಘಗಳ ಆಲ್ಬಮ್ ತೆರೆದು ನೋಡಿ, ದೀಪ ಬೆಳಗುವವರು, ಶಾಲು ಹೊದಿಸುವವರು, ಸ್ಮರಣಿಕೆ ಹಿಡಿದವರು. ಅಡುಗೆಮನೆಯಲ್ಲಿ ನಿಂತವರ ಚಿತ್ರ ಹುಡುಕಿದರೂ ಸಿಗದು. ನಾನು ಬ್ಯಾಂಕಿನವ, ಹಾಗಾಗಿ ಇದನ್ನೂ ಹೇಳುತ್ತೇನೆ. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು ವಿಲೀನವಾದವು. ಮೂರೂ ನಮ್ಮ ಕರಾವಳಿಯಲ್ಲಿ ಹುಟ್ಟಿದವು, ಮುಂಬಯಿಯಲ್ಲಿ ಎಷ್ಟೋ ಕನ್ನಡಿಗರು ಅವುಗಳ ಕೌಂಟರಿನಲ್ಲಿ ಕನ್ನಡದಲ್ಲೇ ಮಾತಾಡಿ ಹಣ ಕಟ್ಟಿದವರು. ಬೋರ್ಡು ಇಳಿಸಿದ ದಿನ ನಮ್ಮಲ್ಲಿ ಎಷ್ಟು ಜನ ಒಂದು ಫೋಟೊ ತೆಗೆದಿಟ್ಟರು? ಈಗ ಚಾಳ್‌ಗಳು ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಟ್ರಂಕ್ ಪೆಟ್ಟಿಗೆಗಳು ಭಂಗಾರ್‌ವಾಲಾನ ಪಾಲಾಗುತ್ತಿವೆ.

ಒಂದು ಎಚ್ಚರಿಕೆ ಬೇಕು. ಯಾರ ಚಿತ್ರವಾದರೂ ಅವರನ್ನು ಕೇಳಿಯೇ ತೆಗೆಯಬೇಕು, ಪ್ರದರ್ಶಿಸುವ ಮೊದಲು ಮತ್ತೊಮ್ಮೆ ಕೇಳಬೇಕು. ಮನೆಯ ಬಡತನ ಬೀದಿಗೆ ಬಂತು ಎಂದು ಯಾವ ಮಗುವಿಗೂ ಅನ್ನಿಸಬಾರದು. ಹಾಗೆಯೇ ಇಂಥ ಚಿತ್ರಗಳಿಗೆ ಪ್ರಥಮ, ದ್ವಿತೀಯ ಬಹುಮಾನ ಇಡಬೇಡಿ. ಒಬ್ಬನ ಅಪ್ಪನ ಕೈಗಿಂತ ಇನ್ನೊಬ್ಬಳ ಅಜ್ಜಿಯ ಪೆಟ್ಟಿಗೆ ಮೇಲು ಎಂದು ಯಾವ ತೀರ್ಪುಗಾರ ಹೇಳಿಯಾನು?

ಖರ್ಚಿನ ಮಾತೆತ್ತುವವರಿಗೆ ನನ್ನ ಗುಮಾಸ್ತನ ಲೆಕ್ಕ ಇಷ್ಟೇ. ವಾರ್ಷಿಕೋತ್ಸವದ ಎರಡು ಶಾಲು, ಎರಡು ಹಾರ ಕಡಿಮೆ ಮಾಡಿದರೆ ಶಿಬಿರದ ಚಿತ್ರಗಳ ಪ್ರಿಂಟ್ ಹಾಕಿಸಿ ಸಭಾಗೃಹದ ಬಾಗಿಲಲ್ಲಿ ತೂಗುಹಾಕಬಹುದು. ಸಮಿತಿಯವರು ಮಾಸ್ಟರನ್ನು ಬದಲಿಸುವ ಮೊದಲು ಆ ಚಿತ್ರಗಳನ್ನೊಮ್ಮೆ ತರಿಸಿ, ಕೆಳಗಿನ ಎರಡು ಸಾಲುಗಳನ್ನೂ ಓದಲಿ.