ಸಾರಿಗೆ ವಿಮಾನದ ಹೊಣೆ ಯಾರದು?

ಪೂರ್ವ ಉಕ್ರೇನಿನ ಲುಹಾನ್ಸ್ಕ್ ನಿಲ್ದಾಣದಲ್ಲಿ ಇಳಿಯಲು ಬರುತ್ತಿದ್ದ ಇಲ್ಯೂಷಿನ್-76 ಸೇನಾ ಸಾರಿಗೆ ವಿಮಾನವನ್ನು 2014ರ ಜೂನ್ 14ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ರಷ್ಯಾ ಬೆಂಬಲಿತ ಪ್ರತ್ಯೇಕತಾವಾದಿಗಳು ನೆಲದಿಂದಲೇ ಹೊಡೆದುರುಳಿಸಿದರು. ಅದರಲ್ಲಿದ್ದ 40 ಪ್ಯಾರಾ ಸೈನಿಕರೂ 9 ಸಿಬ್ಬಂದಿಯೂ ಸತ್ತರು. ಅದಕ್ಕೂ ಮೊದಲು ಬಂದ ವಿಮಾನ ಸುರಕ್ಷಿತವಾಗಿ ಇಳಿದಿತ್ತು; ಹಿಂದೆ ಬರುತ್ತಿದ್ದ ಮೂರನೆಯದನ್ನು ವಾಪಸು ಕಳಿಸಲಾಯಿತು.

ಯುದ್ಧವಿಮಾನಕ್ಕೆ ವೇಗವಿದೆ, ಸರ್ರನೆ ತಿರುಗಿ ತಪ್ಪಿಸಿಕೊಳ್ಳುವ ಶಕ್ತಿಯಿದೆ. ಸಾರಿಗೆ ವಿಮಾನಕ್ಕೆ ಇವೆರಡೂ ಇಲ್ಲ. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಕೆಲವೇ ಕಿಲೋಮೀಟರ್ ಎತ್ತರ ತಲುಪುತ್ತದೆ, ನಿಜ. ಆದರೆ ರನ್‌ವೇಗೆ ಇಳಿಯಬೇಕಾದ ವಿಮಾನ ಆ ಎತ್ತರದೊಳಗೆ ನಿಧಾನವಾಗಿ, ನೇರ ದಾರಿಯಲ್ಲಿ ಬರಲೇಬೇಕು. ವಿಯೆಟ್ನಾಮಿನ ಖೆ ಸಾನ್ ಮುತ್ತಿಗೆಯಲ್ಲಿ, 1968ರ ಫೆಬ್ರುವರಿಯಲ್ಲಿ, ಇಂಧನ ಹೊತ್ತ ಸಿ-130 ಇಳಿಯುವಾಗ ಗುಂಡು ತಗುಲಿ ಉರಿದುಹೋಯಿತು. ಆಮೇಲೆ ಅಮೆರಿಕನ್ನರು ಬಹುಪಾಲು ಸಾಮಗ್ರಿಯನ್ನು ಪ್ಯಾರಾಚೂಟ್ ಕಟ್ಟಿ ಆಕಾಶದಿಂದಲೇ ಹಾಕತೊಡಗಿದರು. ಅಕ್ಕಿ, ಮದ್ದುಗುಂಡುಗಳನ್ನೇನೋ ಹೀಗೆ ಕಳಿಸಬಹುದು; ಗಾಯಾಳುಗಳನ್ನು ಹೊತ್ತು ತರುವುದಾದರೆ ವಿಮಾನ ಇಳಿಯಲೇಬೇಕು.

ಆದ್ದರಿಂದ ಮುತ್ತಿಗೆಗೆ ಸಿಕ್ಕ ನಿಲ್ದಾಣಕ್ಕೆ ವಿಮಾನ ಕಳಿಸಿದ್ದನ್ನೇ ಅಪರಾಧವೆನ್ನಲಾಗದು. ಲುಹಾನ್ಸ್ಕ್ ಪ್ರಕರಣದಲ್ಲಿ ಸೇನಾ ಕಾರ್ಯಾಚರಣೆಯ ಹಿರಿಯ ಅಧಿಕಾರಿ ಜನರಲ್ ವಿಕ್ಟರ್ ನಜರೋವ್ ಅವರಿಗೆ 2017ರಲ್ಲಿ ಕರ್ತವ್ಯಲೋಪಕ್ಕಾಗಿ ಏಳು ವರ್ಷಗಳ ಸೆರೆವಾಸ ವಿಧಿಸಲಾಯಿತು. 2021ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿ ಪ್ರಕರಣವನ್ನೇ ಮುಕ್ತಾಯಗೊಳಿಸಿತು. ನ್ಯಾಯಾಲಯ ನೋಡುವುದು ತನ್ನೆದುರು ನಿಂತ ವ್ಯಕ್ತಿ ದೋಷಿಯೇ ಎಂಬುದನ್ನು. ಅಪಾಯದ ವರದಿ ಎಷ್ಟು ಮೇಜುಗಳ ಮೇಲೆ ಹಾದುಹೋಯಿತು, ಯಾರು ಏನು ಟಿಪ್ಪಣಿ ಬರೆದರು, ಬೇರೆ ದಾರಿಯನ್ನು ಯಾರಾದರೂ ಪರಿಶೀಲಿಸಿದರೇ ಎಂಬುದನ್ನು ತಿಳಿಯಲು ತನಿಖಾ ಆಯೋಗ ಬೇಕು. ವಿಮಾನದ ಹೊಟ್ಟೆಯಲ್ಲಿ ಸಾಲಾಗಿ ಕುಳಿತ ಸೈನಿಕನಿಗಂತೂ ಆ ಕಡತದಲ್ಲಿ ಸಹಿಯಿಲ್ಲ. (ಕಡತಗಳ ನಡುವೆಯೇ ಸೇವಾವಧಿ ಕಳೆದ ನನಗೆ, ತುರ್ತಿನಲ್ಲಿ ಮೊದಲು ಬಿಟ್ಟುಹೋಗುವುದು ಭಿನ್ನಾಭಿಪ್ರಾಯದ ಟಿಪ್ಪಣಿಯೇ ಎಂಬುದು ಗೊತ್ತು.)

ನಮ್ಮ ಅನುಭವವೂ ಇದಕ್ಕೆ ದೂರವಲ್ಲ. ಕಾರ್ಗಿಲ್ ಯುದ್ಧದಲ್ಲಿ, 1999ರ ಮೇ 28ರಂದು, ತೋಲೋಲಿಂಗ್ ಬಳಿ ಎಂಐ-17 ಹೆಲಿಕಾಪ್ಟರ್ ಕ್ಷಿಪಣಿಗೆ ತುತ್ತಾಗಿ ನಾಲ್ವರು ಮಡಿದರು. ಮೂಲತಃ ಸಾರಿಗೆಗೆಂದು ರೂಪುಗೊಂಡ ಅದನ್ನು ರಾಕೆಟ್ ದಾಳಿಗೆ ಬಳಸಲಾಗಿತ್ತು. ಕ್ಷಿಪಣಿಯ ದಾರಿ ತಪ್ಪಿಸುವ ಫ್ಲೇರ್ ವ್ಯವಸ್ಥೆ ಅದರಲ್ಲಿರಲಿಲ್ಲ. ಒಂದು ವಿಮಾನದ ಬೆಲೆಯೆದುರು ಇಂಥ ಉಪಕರಣದ ವೆಚ್ಚ ಅಲ್ಪ. ಆದರೂ ರಕ್ಷಣಾ ಖರೀದಿಯ ಸಾಲಿನಲ್ಲಿ ಅದರ ಸರದಿ ಯುದ್ಧವಿಮಾನಗಳ ನಂತರವೇ ಬರುತ್ತದೆ.

2021ರಲ್ಲಿ ಒಪ್ಪಂದವಾದ 56 ಸಿ-295 ವಿಮಾನಗಳಿಗೆ ದೇಶೀಯ ವಿದ್ಯುನ್ಮಾನ ರಕ್ಷಾ ವ್ಯವಸ್ಥೆ ಅಳವಡಿಸುವುದೆಂದು ಆಗಲೇ ನಿಗದಿಯಾಯಿತು. ಇದು ಸ್ವಾಗತಾರ್ಹ. ಹಳೆಯ ಎಎನ್-32 ಮತ್ತು ಇಲ್ಯೂಷಿನ್-76 ವಿಮಾನಗಳಲ್ಲಿ ಎಷ್ಟಕ್ಕೆ ಇಂಥ ರಕ್ಷಣೆಯಿದೆ ಎಂಬುದನ್ನು ರಕ್ಷಣಾ ಇಲಾಖೆಯ ಸಂಸದೀಯ ಸ್ಥಾಯಿ ಸಮಿತಿ, ಗುಟ್ಟಾಗಿಯಾದರೂ ಸರಿ, ಪ್ರತಿ ವರ್ಷ ಕೇಳಿ ಲಿಖಿತ ಉತ್ತರ ಪಡೆಯಬೇಕು.