ಹೊಸಬೆಟ್ಟಿನ ಇಗರ್ಜಿ ಉಳಿದ ಬಗೆ

ಮೂಡುಬಿದಿರೆ ಬಳಿಯ ಹೊಸಬೆಟ್ಟಿನ ಹೋಲಿ ಕ್ರಾಸ್ ಇಗರ್ಜಿಯನ್ನು 1784ರಲ್ಲಿ ಕಾಪಾಡಿದ್ದು ಜೈನ ಅರಸನೊಬ್ಬನ ಮಾತು ಎಂದು ಕರಾವಳಿ ಕೆಥೋಲಿಕರ ಚರಿತ್ರೆ ನೆನೆಯುತ್ತದೆ. ಆ ವರ್ಷದ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದಂದು, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ ಕೆನರಾದ ಕೆಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಇಗರ್ಜಿಗಳು ನೆಲಸಮವಾದವು. ಹೊಸಬೆಟ್ಟಿನದು ಆ ಜೈನ ಅರಸ ಚೌಟರ ಕೋರಿಕೆಯಿಂದ ಉಳಿಯಿತು. ಬಂಟ್ವಾಳ ತಾಲೂಕಿನ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿ ಉಳಿದದ್ದು ಪಾದ್ರಿ ಜೊವಾಕಿಂ ಮಿರಾಂಡರಿಗೆ ಮೈಸೂರಿನ ಅರಮನೆಯೊಂದಿಗಿದ್ದ ಸ್ನೇಹದಿಂದ ಎನ್ನುತ್ತಾರೆ. ಸೆರೆಯಲ್ಲಿ ಬದುಕುಳಿದವರು ಊರಿಗೆ ಮರಳಿದ್ದು 1799ರ ನಂತರ.

ದೊರೆ ಒಲಿದರೆ ಉಂಟು, ಮುನಿದರೆ ಇಲ್ಲ: ಆಗಿನ ತುಳುನಾಡಿನಲ್ಲಿ ಈ ಸಮುದಾಯದ ರಾಜಕೀಯ ಇಷ್ಟೇ. ಗೋವಾದಿಂದ ಬಂದ ಈ ಕೆಥೋಲಿಕರಿಗೆ ಬೇಸಾಯದ ನೆಲ ದೊರೆತದ್ದು ಕೆಳದಿ ಅರಸರ ಆಶ್ರಯದಲ್ಲಿ. ಪಾದ್ರಿಗಳ ನೇಮಕ ಮಾತ್ರ ಗೋವಾದ ಕೈಯಲ್ಲಿ, ಅದರ ಬೆನ್ನಿಗೆ ಪೋರ್ಚುಗಲ್ ದೊರೆಯ ಹಕ್ಕು.

ಊರಿನ ನಂಟು ಬೆಳೆದದ್ದು ಗದ್ದೆಯಲ್ಲಿ. ಸೆಪ್ಟೆಂಬರ್ 8ರ ಹೊಸ ತೆನೆಯ ಹಬ್ಬ ಮೊಂತಿ ಫೆಸ್ತ್‌ಗೆ ಮಿರಾಂಡರೇ 1763ರಲ್ಲಿ ಚಾಲನೆ ಕೊಟ್ಟರೆಂಬ ಮಾತಿದೆ. ಒಂಬತ್ತು ದಿನ ಮಕ್ಕಳು ಮಾತೆ ಮರಿಯಳ ಮೂರ್ತಿಗೆ ಹೂ ಎರಚುತ್ತಾರೆ. ಹಬ್ಬದ ದಿನ ಪಾದ್ರಿ ಹರಸಿದ ತೆನೆಯನ್ನು ಮನೆಗೆ ಒಯ್ದು, ಹೊಸ ಭತ್ತದ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಉಣ್ಣುತ್ತಾರೆ. ಅಂದು ಊಟ ಸಸ್ಯಾಹಾರ, ಬಾಳೆಲೆಯಲ್ಲಿ. ಮೀನು ಬಿಡುವುದು ಕರಾವಳಿಯವರಿಗೆ ಸಣ್ಣ ವ್ರತವಲ್ಲ. ನೆರೆಯ ತುಳುವರ ಮನೆಯಲ್ಲಿ ಕುರಲ್ (ತೆನೆ) ಕಟ್ಟಿ ‘ಇಲ್ಲ್ ದಿಂಜಾವುನ’ (ಮನೆ ತುಂಬಿಸುವ) ಆಚರಣೆಗೂ ಇದಕ್ಕೂ ಮಂತ್ರ ಬೇರೆ, ತೆನೆ ಒಂದೇ. ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ತೆನೆಯನ್ನು ಬೇರೆಯವರ ಗದ್ದೆಯಿಂದ ತರಿಸುವುದೂ ಇದೆ.

ಪೋಲೆಂಡ್, ಐರ್ಲೆಂಡ್‌ಗಳಲ್ಲಿ ಕೆಥೋಲಿಕ ಧರ್ಮವೇ ರಾಷ್ಟ್ರದ ಗುರುತಾಗಿ ನಿಂತಿತು. ಇಲ್ಲಿ ಹಾಗಾಗಲು ಎಡೆಯೇ ಇರಲಿಲ್ಲ; ರಾಜಕೀಯಕ್ಕೆ ದಾರಿಯಾದದ್ದು ಓದು. 1878ರ ಕೊನೆಗೆ ಬಂದ ಜೆಸ್ವಿತ ಪಾದ್ರಿಗಳು 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ಇಂಗ್ಲಿಷ್ ಕಲಿತ ತಲೆಮಾರು ಮುಂಬೈ ಸೇರಿತು. ಉಡುಪಿ ಬಳಿಯ ಬೆಳ್ಳೆಯ ಜೋಕಿಂ ಆಳ್ವ ಮತ್ತು ಪತ್ನಿ ವಯೊಲೆಟ್ 1952ರಲ್ಲಿ ಒಟ್ಟಿಗೆ ಸಂಸತ್ತಿಗೆ ಹೋದರು. ಪಾದ್ರಿಯಾಗಲೆಂದು ಬೆಂಗಳೂರಿಗೆ ಹೋಗಿ ಸೆಮಿನರಿ ಬಿಟ್ಟ ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಕಾರ್ಮಿಕ ನಾಯಕರಾಗಿ 1967ರ ಲೋಕಸಭಾ ಚುನಾವಣೆಯಲ್ಲಿ ಮುಂಬೈಯ ಕಾಂಗ್ರೆಸ್ ಮುಖಂಡ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಇವರಲ್ಲಿ ಯಾರೂ ಇಗರ್ಜಿಯ ಪ್ರತಿನಿಧಿಯಾಗಿ ಮತ ಕೇಳಿದವರಲ್ಲ.

ಭಾಷೆಯಲ್ಲೂ ನೆಲದೊಂದಿಗೆ ಬೆರೆಯುವ ಇದೇ ಹದ. 1938ರಿಂದ ಬರುತ್ತಿರುವ ‘ರಾಕ್ಣೊ’ ವಾರಪತ್ರಿಕೆಯ ನುಡಿ ಕೊಂಕಣಿ, ಲಿಪಿ ಕನ್ನಡ. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಪೂಜೆಯೂ ಲ್ಯಾಟಿನ್ನಿನಿಂದ ಕೊಂಕಣಿಗೆ ಇಳಿಯಿತು. ಬೆಳ್ತಂಗಡಿಯ ಕತೆ ಬೇರೆ: ಕೇರಳದಿಂದ ಬಂದು ನೆಲೆಸಿದ ಸಿರೊ-ಮಲಬಾರ್ ಕೆಥೋಲಿಕರಿಗಾಗಿ 1999ರಲ್ಲಿ ಅಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು.

2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದಾಗ ಸಮುದಾಯ ಬೀದಿಗಿಳಿಯಿತು. ಸರ್ಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಿಸಿತು; 2011ರಲ್ಲಿ ವರದಿ ಬಂತು, ಅದರ ತೀರ್ಮಾನಗಳನ್ನು ಕ್ರೈಸ್ತ ಸಂಘಟನೆಗಳು ಒಪ್ಪಲಿಲ್ಲ. 2022ರ ಮತಾಂತರ ನಿಷೇಧ ಕಾಯ್ದೆಯನ್ನು ರಾಜ್ಯದ ಬಿಷಪರು ವಿರೋಧಿಸಿದ್ದು ಧರ್ಮ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೆಯ ವಿಧಿಯನ್ನು ಮುಂದಿಟ್ಟು. ಹಿಂದೆ ಚೌಟರ ಮಾತಿಗಿದ್ದ ಜಾಗದಲ್ಲಿ ಈಗ ಇರುವುದು ಆ ವಿಧಿ.